ಲೈಕಿನಿಂದ ನೂಲು ಬರುವುದಿಲ್ಲ

"ಅದನ್ನು ಮೊಬೈಲಿಗೆ ಹಾಕು ಮಾರಾಯ್ತಿ, ನಾಳೆಗೆ ಖಾಲಿಯಾಗ್ತದೆ!"

ಕೈಯಲ್ಲಿ ಏನಾದರೊಂದು ಮಾಡುವ ಹೆಂಗಸಿಗೆ ಈಗ ಎಲ್ಲರೂ ಕೊಡುವ ಬಿಟ್ಟಿ ಸಲಹೆ ಇದು. ಸಲಹೆ ಕೊಟ್ಟವರು ತಾವು ಒಂದನ್ನೂ ಕೊಳ್ಳುವುದಿಲ್ಲ ಎಂಬುದು ಬೇರೆ ಮಾತು. ಅಲ್ಲ, ಬೇರೆ ಮಾತೇನು ಬಂತು, ನಾನು ಹೇಳಹೊರಟಿರುವುದೇ ಅದನ್ನು.

ನಮ್ಮದು ನಿಟ್ಟೆ. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲೆ ಕ್ರೋಶಾ ಕಡ್ಡಿ ಹಿಡಿದು ಕೂರುವುದು ನನಗೆ ಮದುವೆಗೆ ಮುಂಚಿನಿಂದ ಬಂದ ಅಭ್ಯಾಸ. ಮಕ್ಕಳು ದೊಡ್ಡವರಾದ ಮೇಲೆ ಹತ್ತಿ ನೂಲಿನ ಕೈಚೀಲ ಹೆಣೆಯತೊಡಗಿದೆ. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಇಂಜಿನಿಯರಿಂಗ್ ಓದುವ ಹುಡುಗಿ, "ಆಂಟಿ, ನಿಮಗೊಂದು ಇನ್‌ಸ್ಟಾಗ್ರಾಂ ಪೇಜ್ ಮಾಡಿ ಕೊಡ್ತೇನೆ" ಎಂದಳು. ಮಾಡಿಯೂ ಕೊಟ್ಟಳು. ಮೊದಲ ಚೀಲದ ಫೋಟೋಕ್ಕೆ 212 ಲೈಕು! ಸಂಜೆ ನಮ್ಮವರಿಗೆ ತೋರಿಸುತ್ತ ಕೂತು ಒಲೆಯ ಮೇಲಿನ ಹಾಲು ಉಕ್ಕಿಸಿದೆ.

ಬೆಲೆ ಕೇಳಿದವರು ಒಂಬತ್ತು ಜನ. ಅದರಲ್ಲಿ ನಾಲ್ವರು "ಅಯ್ಯೋ, ಅಷ್ಟಾ?" ಎಂದು ಮಾಯವಾದರು. ಒಬ್ಬಾಕೆ, "ಫೋಟೋ ಸ್ವಲ್ಪ ಹತ್ತಿರದಿಂದ ತೆಗೆದು ಕಳಿಸಿ, ನಮ್ಮ ನಾದಿನಿಗೆ ತೋರಿಸಿದರೆ ಅವಳೇ ಮಾಡ್ತಾಳೆ" ಎಂದರು, ಏನೂ ಸಂಕೋಚವಿಲ್ಲದೆ. ದೂರದ ಸಂಬಂಧಿಯೊಬ್ಬರು "ನಮ್ಮವಳೇ ಅಲ್ವಾ, ಒಂದು ಕೊಡ್ತಾಳೆ" ಎಂದುಕೊಂಡರು. ಕೊನೆಗೆ ಚೀಲ 450 ರೂಪಾಯಿಗೆ ಹೋಯಿತು. ನೂಲಿಗೆ 180, ಒಳವಸ್ತ್ರ ಮತ್ತು ಜಿಪ್ಪಿಗೆ 60. ಉಳಿದದ್ದು 210. ಹೆಣೆಯಲು ಹಿಡಿದದ್ದು ಹದಿನಾಲ್ಕು ಗಂಟೆ. ಭಾಗಿಸಿ ನೋಡಿ, ಗಂಟೆಗೆ 15 ರೂಪಾಯಿ. ಲೈಕುಗಳನ್ನು ಗೋಣಿಯಲ್ಲಿ ತುಂಬಿಕೊಂಡು ಹೋದರೂ ಕಾರ್ಕಳದ ನೂಲಿನ ಅಂಗಡಿಯವರು ಒಂದು ಉಂಡೆ ಕೊಡುವುದಿಲ್ಲ.

ನಮ್ಮ ಊರ ಹೆಂಗಸರಿಗೆ ಕೈಕೆಲಸಕ್ಕೆ ದರ ಕಟ್ಟುವುದು ಗೊತ್ತಿಲ್ಲವೆನ್ನಬೇಡಿ. ಈ ಕಡೆ ಎಷ್ಟೋ ಮನೆಗಳ ಒಲೆ ಉರಿದದ್ದು ಬೀಡಿಯಿಂದ. ಅದಕ್ಕೆ ಸಾವಿರಕ್ಕೆ ಇಂತಿಷ್ಟು ಎಂಬ ಮಜೂರಿ ಇದೆ. ಕಡಿಮೆಯೇ ಇರಲಿ, ಇದೆ. ಕಾಪು ಕಡೆಯ ಶಂಕರಪುರ ಮಲ್ಲಿಗೆಯನ್ನು ನೋಡಿ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನದ ದರ ನಿಗದಿಯಾದ ಕೂಡಲೇ ವಾಟ್ಸಾಪಿನಲ್ಲಿ ಊರೂರು ಸುತ್ತುತ್ತದೆ. ಮದುವೆಯ ದಿನಗಳಲ್ಲಿ ಅಟ್ಟೆಗೆ ಸಾವಿರ ದಾಟಿದರೂ ನಾವು ಗೊಣಗುತ್ತೇವೆ, ಆದರೆ ಕೊಡುತ್ತೇವೆ. ಸಂಜೆಗೆ ಬಾಡುವ ಹೂವಿಗೆ ಕೊಡುವವರು ಹತ್ತು ವರ್ಷ ಬಾಳುವ ಚೀಲಕ್ಕೆ ಯಾಕೆ ಚೌಕಾಸಿ ಮಾಡುತ್ತೇವೆ? ಮಲ್ಲಿಗೆಯ ದರ ಊರಿಗೇ ಗೊತ್ತು. ನಮ್ಮ ಕೈಯ ದರ ನಮಗೇ ಗೊತ್ತಿಲ್ಲ. ನನ್ನ ಪ್ರಕಾರ ಕಾರಣ ಅಷ್ಟೇ.

ಅದಕ್ಕೇ ಈ "ಬೆಲೆಗೆ ಇನ್‌ಬಾಕ್ಸ್ ಮಾಡಿ" ಎಂಬ ಬರಹ ಕಂಡರೆ ನನಗೆ ಮೈ ಉರಿಯುತ್ತದೆ. ನಾನೂ ಹಾಗೇ ಬರೆಯುತ್ತಿದ್ದೆ. ಬೆಲೆ ಬರೆಯಲು ನಾಚಿಕೆ, ಮುಖ ನೋಡಿ ಕಡಿಮೆ ಮಾಡುವ ದಾಕ್ಷಿಣ್ಯ. ಬಾಗಿಲ ಹಿಂದೆ ಪಿಸುಗುಟ್ಟುವ ಬೆಲೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಇದರ ಮೇಲೆ ದಿನಕ್ಕೊಂದು ರೀಲು ಹಾಕಬೇಕಂತೆ, ಇಲ್ಲವಾದರೆ ನಮ್ಮ ಪೇಜು ಯಾರಿಗೂ ಕಾಣುವುದಿಲ್ಲವಂತೆ. ಹೆಣೆಯುವ ಹೊತ್ತನ್ನು ಕುಣಿಯಲು ಕೊಟ್ಟು, ಕಂಪೆನಿಯವರು ಮಧ್ಯೆ ಜಾಹೀರಾತು ತೂರಿಸಿ ದುಡ್ಡು ಮಾಡುವುದನ್ನು ನೋಡುತ್ತ ಕೂರಬೇಕು. ಕೈ ಕೆಸರಾದದ್ದು ನಮ್ಮದು, ಮೊಸರು ಅವರಿಗೆ.

ಇನ್ನು ಆಗಸ್ಟ್ 7. 1905ರ ಸ್ವದೇಶಿ ಚಳವಳಿಯ ನೆನಪಿಗೆಂದು 2015ರಿಂದ ಅದು ರಾಷ್ಟ್ರೀಯ ಕೈಮಗ್ಗ ದಿನ. ಅಂದು ನಾವೆಲ್ಲ ಕೈಮಗ್ಗದ ಸೀರೆ ಉಟ್ಟು, ಒಂದು ಕೈ ಸೊಂಟದ ಮೇಲಿಟ್ಟು ಫೋಟೋ ಹಾಕುತ್ತೇವೆ. ಫೋಟೋದಲ್ಲಿ ಸೀರೆ ಇದೆ, ನಾವಿದ್ದೇವೆ, ನೇಯ್ದವರು ಎಲ್ಲಿ? ಹೆಸರಾದರೂ ಗೊತ್ತೇ?

ಗೊತ್ತು ಎನ್ನಬಹುದಾದ ಒಂದು ಸೀರೆ ನಮ್ಮ ಪಕ್ಕದಲ್ಲೇ ಇದೆ. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಗುರುತಿನ ಚೀಟಿ ಬಂದ ಮಾತ್ರಕ್ಕೆ ಮಗ್ಗ ಆಡುವುದಿಲ್ಲ. ಹಿರಿಯ ನೇಕಾರರು ಒಬ್ಬೊಬ್ಬರಾಗಿ ಮಗ್ಗದಿಂದ ಇಳಿಯುತ್ತಿದ್ದರು, ಮಕ್ಕಳು ಆ ಕಡೆ ಸುಳಿಯುತ್ತಿರಲಿಲ್ಲ. 2018ರಿಂದ ಕಾರ್ಕಳದ ಕದಿಕೆ ಟ್ರಸ್ಟ್‌ನವರು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಸೇರಿ ಇದನ್ನು ಎತ್ತಿ ನಿಲ್ಲಿಸಲು ಹೊರಟರು. ಅಡಿಕೆಯ ಚೊಗರಿನಲ್ಲಿ ನೂಲಿಗೆ ಬಣ್ಣ ಕಟ್ಟಿಸಿದರು. ಹೊಸಬರಿಗೆ ನೇಯ್ಗೆ ಕಲಿಸಿದರು, ಅವರಲ್ಲಿ ಹೆಂಗಸರೂ ಇದ್ದಾರೆ. ಫೇಸ್‌ಬುಕ್ಕು, ವಾಟ್ಸಾಪುಗಳನ್ನು ಅವರೂ ಬಳಸಿದರು. ಆದರೆ ಎಲ್ಲಕ್ಕಿಂತ ದೊಡ್ಡದಾಗಿ ನನಗೆ ಕಂಡದ್ದು ಸೀರೆಗೆ ಕಟ್ಟಿದ ಒಂದು ಸಣ್ಣ ಚೀಟಿ. ಅದರಲ್ಲಿ ನೇಯ್ದವರ ಹೆಸರು ಮತ್ತು ಫೋಟೋ!

ನನಗೆ ಅರ್ಥವಾದದ್ದು ಅಲ್ಲಿ. ಅವರು ಮೊಬೈಲಿನಲ್ಲಿ ತೋರಿಸಿದ್ದು ಬರೇ ಸೀರೆಯನ್ನಲ್ಲ, ಸೀರೆಯ ಹಿಂದಿನ ಮನುಷ್ಯರನ್ನು. ವಿದ್ಯುತ್ ಮಗ್ಗದ ಸೀರೆ ಬಣ್ಣವನ್ನು ನಕಲು ಮಾಡೀತು, ಅಂಚನ್ನು ಮಾಡೀತು, ಆದರೆ ಆ ಚೀಟಿಯ ಮುಖವನ್ನು ಎಲ್ಲಿಂದ ತಂದೀತು? ಆ ಮುಖ ಕಂಡ ಮೇಲೆ "ಇನ್ನೂರು ಕಡಿಮೆ ಮಾಡಿ" ಎನ್ನಲು ನಾಲಗೆಯೂ ಸ್ವಲ್ಪ ಹಿಂಜರಿಯುತ್ತದೆ.

ಎಲ್ಲರ ಹತ್ತಿರ ದುಡ್ಡು ಇರುವುದಿಲ್ಲ ಎನ್ನುವಿರಾದರೆ ಒಪ್ಪಿದೆ. ಇಲ್ಲದಿದ್ದರೆ ಕೊಳ್ಳಬೇಡಿ, ಬೇಸರವಿಲ್ಲ. ಆದರೆ "ಆನ್‌ಲೈನಿನಲ್ಲಿ ಇದೇ 199ಕ್ಕೆ ಸಿಗ್ತದೆ" ಎಂದು ಚುಚ್ಚಬೇಡಿ. ಸಿಗುವುದು ಇದಲ್ಲ, ಇದರ ಹಾಗೆ ಕಾಣುವುದು. ಮೊಬೈಲನ್ನೂ ನಾನು ಬಯ್ಯುತ್ತಿಲ್ಲ. ಹಿಂದೆ ಅಂಗಡಿಯವನ ದಯೆಗೆ ಕಾಯಬೇಕಿತ್ತು, ವರ್ಷಕ್ಕೊಮ್ಮೆ ಬರುವ ವಸ್ತುಪ್ರದರ್ಶನಕ್ಕೆ ಕಾಯಬೇಕಿತ್ತು. ಈಗ ಅಡುಗೆಮನೆಯಿಂದಲೇ ಮುಂಬಯಿಯ ಗಿರಾಕಿಯ ಜೊತೆ ಮಾತಾಡಬಹುದು. ಕಿಟಕಿ ಒಳ್ಳೆಯದೇ. ಕಿಟಕಿಯಲ್ಲಿ ಏನಿಡುತ್ತೇವೆ, ಹೊರಗಿನಿಂದ ನೋಡುವವರು ಏನು ಮಾಡುತ್ತಾರೆ, ನನ್ನ ತಕರಾರು ಅದರ ಬಗ್ಗೆ.

ಹೋದ ದೀಪಾವಳಿಗೆ ನಾನು ಪುನಃ ಒಂದು ಚೀಲದ ಫೋಟೋ ಹಾಕಿದೆ. ಜೊತೆಗೆ ಕಡ್ಡಿ ಹಿಡಿದ ನನ್ನ ಕೈಯ ಫೋಟೋ, ಅರಸಿನದ ಕಲೆ ಇದ್ದ ಹಾಗೆಯೇ. ಕೆಳಗೆ ಬರೆದೆ: "ಹೆಣೆಯಲು ಹದಿನಾಲ್ಕು ಗಂಟೆ. ನೂಲು ಸಾಮಾನಿಗೆ 240. ಬೆಲೆ 940. ಚೌಕಾಸಿ ಇಲ್ಲ." ಗಂಟೆಗೆ 50 ರೂಪಾಯಿ, ಹೆಚ್ಚಾಯಿತೆ? ಬಂದ ಲೈಕು 31. ದೂರದ ಸಂಬಂಧಿ ಮಾತು ಬಿಟ್ಟರು. "ಇವಳಿಗೆ ಎಷ್ಟು ಅಹಂಕಾರ" ಎಂದದ್ದೂ ಕಿವಿಗೆ ಬಿತ್ತು. ಮೂರನೆಯ ದಿನ ಶಿವಮೊಗ್ಗದಿಂದ ಒಬ್ಬ ಟೀಚರ್, ಒಂದು ಮಾತು ಹೆಚ್ಚು ಕೇಳದೆ 940 ರೂಪಾಯಿ ಹಾಕಿ ವಿಳಾಸ ಕಳಿಸಿದರು.

212 ಲೈಕಿನ ದಿನ ಹಾಲು ಉಕ್ಕಿಸಿದವಳು, ಆ ದಿನ ಸುಮ್ಮನೆ ಹೋಗಿ ಇನ್ನೊಂದು ಉಂಡೆ ನೂಲು ತಂದೆ.