ಬೀಟ್‌ಬಾಕ್ಸಿಗೆ ಚಪ್ಪಾಳೆ, ಹಲಗಿಗೆ ಯಾಕಿಲ್ಲ?

ಕಾಲೇಜು ಫೆಸ್ಟ್‌ಗಳಲ್ಲಿ ಬೀಟ್‌ಬಾಕ್ಸಿಂಗ್‌ಗೆ ಸಿಗೋದು ಎಷ್ಟು ಹೊತ್ತು? ಡಿಜೆ ವೈರ್ ಜೋಡಿಸೋ ತನಕ ಎರಡು ನಿಮಿಷ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ಬಂದ ನಮಗೆ ಈ ಕಲೆ ಅಷ್ಟು ಸಣ್ಣದು ಅನ್ನಿಸಲ್ಲ. ಯಾಕಂತ ಹೇಳ್ತೀವಿ, ಕೇಳ್ರಿ.

ತುಟಿ, ನಾಲಿಗೆ, ಗಂಟಲಿನಿಂದಲೇ ಡ್ರಮ್ ಸೆಟ್‌ನ ಶಬ್ದ ಹೊರಡಿಸುವುದು ಬೀಟ್‌ಬಾಕ್ಸಿಂಗ್. ಡ್ರಮ್ ಶಬ್ದ ಮಾಡುವ ಯಂತ್ರಕ್ಕೆ ‘ಬೀಟ್‌ಬಾಕ್ಸ್’ ಅಂತಿದ್ರು. ಹೆಸರು ಬಂದದ್ದು ಅಲ್ಲಿಂದ. 1980ರ ದಶಕದ ಆರಂಭದಲ್ಲಿ ನ್ಯೂಯಾರ್ಕ್‌ನ ಕಪ್ಪುಜನರ ಓಣಿಗಳಲ್ಲಿ ಹಿಪ್‌ಹಾಪ್ ಬೆಳೀತಿತ್ತು. ಯಂತ್ರ ಎಲ್ಲರ ಕೈಗೆ ಎಟುಕ್ತಿರಲಿಲ್ಲ, ಬಾಯಿ ಎಲ್ಲರಿಗೂ ಇತ್ತು. ಡಗ್ ಇ. ಫ್ರೆಶ್, ಬಿಜ್ ಮಾರ್ಕಿ, ಫ್ಯಾಟ್ ಬಾಯ್ಸ್ ತಂಡದ ಬಫಿ ಅದನ್ನು ದೊಡ್ಡ ವೇದಿಕೆಗೆ ತಂದರು. 2005ರಲ್ಲಿ ಜರ್ಮನಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್ಪೂ ನಡೆಯಿತು.

ಕಲಿಯೋದು ಹೆಂಗ? ಮೂರು ಶಬ್ದ ಸಾಕು. ಕಿಕ್‌ಗೆ ‘ಪ್’, ಹೈ-ಹ್ಯಾಟ್‌ಗೆ ‘ಟ್ಸ್’, ಸ್ನೇರ್‌ಗೆ ‘ಕ್’. ಸ್ವರ ಸೇರಿಸಬಾರದು, ‘ಪ’ ಅಲ್ಲ, ‘ಪ್’. ಉಸಿರು ಹಿಡಿದಾಗ ಗಂಟಲು ಮುಚ್ಚುತ್ತದಲ್ಲ, ಹಂಗೇ ಮುಚ್ಚಿ, ತುಟಿ ಬಿಗಿಹಿಡಿದು ಧ್ವನಿಪೆಟ್ಟಿಗೆ ಮೇಲೆತ್ತಿದರೆ ಬಾಯೊಳಗಿನ ಗಾಳಿಯ ಗಾತ್ರ ಕಡಿಮೆ, ಒತ್ತಡ ಜಾಸ್ತಿ. ತುಟಿ ಬಿಟ್ಟ ಕೂಡಲೇ ಸಿಡಿತದ. ಬಾಯ್ಲ್‌ನ ನಿಯಮ, ಅಷ್ಟೇ! ‘ಕ್’ ಅನ್ನು ಉಸಿರು ಒಳಗೆಳೆದು ಮಾಡಿದರೆ ಬೀಟ್ ನಿಲ್ಲಿಸದೇ ಉಸಿರಾಡಬಹುದು. ಫೋನಿನ ಮೆಟ್ರೋನೋಮ್ 60ಕ್ಕೆ ಇಟ್ಟು ‘ಪ್-ಟ್ಸ್-ಕ್-ಟ್ಸ್’ ದಿನಾ ಹತ್ತು ನಿಮಿಷ ಮಾಡಿ ನೋಡ್ರಿ.

ಇದು ಬರೀ ಹುಡುಗಾಟ ಅಲ್ಲ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬೀಟ್‌ಬಾಕ್ಸರ್ ಒಬ್ಬರನ್ನು ಎಂಆರ್‌ಐ ಯಂತ್ರದಲ್ಲಿ ಪರೀಕ್ಷಿಸಿ 2013ರಲ್ಲಿ ಪ್ರಬಂಧ ಪ್ರಕಟಿಸಿದರು. ತಾನು ಆಡದ ಭಾಷೆಗಳ ಶಬ್ದಗಳನ್ನೂ ಆತನ ಬಾಯಿ ಸಲೀಸಾಗಿ ಹುಟ್ಟಿಸ್ತಿತ್ತು.

ಬಾಯಲ್ಲಿ ತಾಳ ಹಿಡಿಯೋದು ನಮಗೂ ಹೊಸದಲ್ಲ; ಕರ್ನಾಟಕ ಸಂಗೀತದಲ್ಲಿ ಕೊನ್ನಕ್ಕೋಲ್ ಇದೆ. ಆದರೆ ನಮ್ಮ ಕಡೆಯ ಕಿವಿಗೆ ಹತ್ತಿರದ್ದು ಹಲಗಿ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ಹೆಸರುವಾಸಿ. ನಮ್ಮ ಹಳ್ಳಿಗಳಲ್ಲೂ ಮೊಹರಂ ಬಂತಂದ್ರೆ ಹಲಗಿ ಸದ್ದಿಗೆ ಹೆಜ್ಜೆ ಕುಣಿತ. ಬೆಂಕಿಗೆ ಕಾಸಿ ಬಿಗಿ ಮಾಡಿದ ಚರ್ಮದ ಮೇಲೆ ದಪ್ಪ ಕೋಲಿನ ಪೆಟ್ಟು ನಮ್ಮ ಕಿಕ್, ತೆಳು ಕಡ್ಡಿಯ ಪೆಟ್ಟು ನಮ್ಮ ಹೈ-ಹ್ಯಾಟ್.

ನಮ್ಮ ತಕರಾರು ಇಲ್ಲೇ ಐತಿ. ನ್ಯೂಯಾರ್ಕ್‌ನ ಬಡ ಓಣಿಯ ಕಲೆ ಮೊಬೈಲಿನಲ್ಲಿ ಬಂದರೆ ‘ಸೂಪರ್’ ಅಂತೀವಿ. ನಮ್ಮದೇ ಕೇರಿಯ ಹಲಗಿ ಮದುವೆಗೆ ಬೇಕು, ಜಾತ್ರೆಗೆ ಬೇಕು, ಸಾವಿಗೂ ಬೇಕು. ಬಾರಿಸಿದವರಿಗೆ ಮಾತ್ರ ಸಾಲಿನಲ್ಲಿ ಎಲೆ ಇಲ್ಲದ ಊರುಗಳಿವೆ. ಬಾರಿಸುವವರು ಹೆಚ್ಚಾಗಿ ದಲಿತರು. ಜಾತಿಯ ಬಿಟ್ಟಿ ಕೆಲಸವಾಗಿ ಕೊರಳಿಗೆ ಕಟ್ಟಿದ ಹಲಗಿಯನ್ನು ಅವರ ಮಕ್ಕಳು ಒಲ್ಲೆ ಅಂದರೆ, ‘ಸಂಸ್ಕೃತಿ ಉಳಿಸ್ರಿ’ ಅಂತ ಅವರಿಗೆ ಪಾಠ ಹೇಳುವ ಹಕ್ಕು ಉಳಿದವರಿಗಿಲ್ಲ.

ಕನ್ನಡ ಸಂಘ ಮಾಡಬಹುದಾದ್ದು ಒಂದೈತಿ. ಮುಂದಿನ ಫೆಸ್ಟ್‌ಗೆ ಹಲಗಿ ತಂಡವನ್ನು ಮೆರವಣಿಗೆಯ ಮುಂದೆ ನಡೆಸೋದು ಬೇಡ, ವೇದಿಕೆಗೆ ಕರೀರಿ. ಆಮಂತ್ರಣ ಪತ್ರಿಕೆಯಲ್ಲಿ ಹೆಸರು, ಮೈಕು, ಸಂಭಾವನೆ, ಅತಿಥಿಗಳ ಜೊತೆಗೇ ಊಟ. ಪಕ್ಕದಲ್ಲಿ ನಮ್ಮ ಬೀಟ್‌ಬಾಕ್ಸರ್ ನಿಲ್ಲಲಿ. ಹಲಗಿಯ ಪೆಟ್ಟನ್ನು ಬಾಯಲ್ಲಿ ಕಲಿಯಲಿ, ಕಲಿಸಿದವರ ಹೆಸರು ಮೈಕಿನಲ್ಲೇ ಹೇಳಲಿ. ಎರಡು ನಿಮಿಷ ಸಾಲದು, ಅರ್ಧ ಗಂಟೆ ಕೊಡ್ರಿ. ಡಿಜೆ ಅಷ್ಟೊತ್ತು ಕಾಯಲಿ.