ಕೊಳೆಯುವ ಬಾಲವೂ ‘ಛೇದ’ದ ಭಯವೂ

“ರೋಗ ತಗುಲಿದ ಬಾಲವನ್ನು ಕತ್ತರಿಸಿದರೆ ಛೇದವೆಂಬ ಅತಿಚಾರ ಘಟಿಸುತ್ತದೆ, ಔಷಧ ಹಚ್ಚಿದರೆ ಅಸಂಖ್ಯ ಸೂಕ್ಷ್ಮಜೀವಿಗಳ ಘಾತವಾಗುತ್ತದೆ, ಆದ್ದರಿಂದ ಅದರ ಸಮೀಪ ಕುಳಿತು ಪಂಚನಮಸ್ಕಾರ ಮಂತ್ರವನ್ನು ಪಠಿಸುವುದೇ ಶ್ರಾವಕನಿಗೆ ಉಚಿತ.” ಈ ಮಾತನ್ನು ಆಡಿದವರು ಅವಿದ್ಯಾವಂತರಲ್ಲ. ನಿತ್ಯ ಸ್ವಾಧ್ಯಾಯ ಮಾಡುವವರು, ಬಸದಿಯ ಆಡಳಿತದಲ್ಲಿ ಸ್ಥಾನವುಳ್ಳವರು. ಆಡಿದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮನೆಯ ಒಂದು ಸಾಕುಹಲ್ಲಿಯ ವಿಷಯದಲ್ಲಿ. ಅದರ ಬಾಲದ ತುದಿ ಕಪ್ಪಾಗಿ, ಅದರ ಮೇಲ್ಭಾಗ ಊದಿಕೊಂಡು, ದುರ್ವಾಸನೆ ಬರತೊಡಗಿದಾಗ ಆ ಮನೆಯ ಗೃಹಿಣಿ ಊರಿಗೆ ದೂರವಾಣಿ ಮಾಡಿ ಹಿರಿಯರ ಅಭಿಪ್ರಾಯ ಕೇಳಿದರು. ದೊರೆತ ಉತ್ತರ ಇದು. ಇದನ್ನು ನಂಬಿ ಆ ಕುಟುಂಬವು ಮೂರು ವಾರ ಕಾದಿತು. ಆ ಮೂರು ವಾರಗಳ ಹಿಂಸೆಯನ್ನು ಯಾರ ಲೆಕ್ಕಕ್ಕೆ ಬರೆಯತಕ್ಕದ್ದು?

ಮೊದಲು ಆ ಪ್ರಾಣಿಯ ಪರಿಚಯ. ಅದು ನಮ್ಮ ಮನೆಯ ಗೋಡೆಯ ಮೇಲೆ ಲೊಚಗುಟ್ಟುವ ಹಲ್ಲಿಯಲ್ಲ. ಲೆಪರ್ಡ್ ಗೆಕ್ಕೊ ಎಂದು ಕರೆಯಲ್ಪಡುವ, ಹಳದಿ ಮೈಮೇಲೆ ಚಿರತೆಯಂತೆ ಕಪ್ಪು ಚುಕ್ಕೆಗಳುಳ್ಳ, ನೆಲದ ಮೇಲೆ ಸಂಚರಿಸುವ ಹಲ್ಲಿ. ಆಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ನಮ್ಮ ದೇಶದ ವಾಯವ್ಯ ಭಾಗದ ಒಣ ಕಲ್ಲುನೆಲ ಇದರ ಮೂಲ ನೆಲೆ. 1854ರಲ್ಲಿ ಎಡ್ವರ್ಡ್ ಬ್ಲೈತ್ ಎಂಬ ಪ್ರಾಣಿಶಾಸ್ತ್ರಜ್ಞರು ಇದನ್ನು ಮೊದಲು ವರ್ಣಿಸಿದರು. ಗೋಡೆಯ ಹಲ್ಲಿಗಿಲ್ಲದ ಕಣ್ಣುರೆಪ್ಪೆ ಇದಕ್ಕಿದೆ. ಗೋಡೆ ಹತ್ತುವ ಅಂಟುಪಾದ ಇಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಇದನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವುದು ಸಾಮಾನ್ಯ. ಸರಿಯಾಗಿ ನೋಡಿಕೊಂಡರೆ 15 ವರ್ಷಕ್ಕೂ ಮೀರಿ ಬದುಕುತ್ತದೆ. ಇದರ ದಪ್ಪನೆಯ ಬಾಲವು ಕೊಬ್ಬಿನ ಕಣಜ. ನಮ್ಮ ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಮೀಸಲು ನಿಧಿ. ಆಹಾರ ಸಿಗದ ದಿನಗಳಲ್ಲಿ ಅದು ಈ ನಿಧಿಯಿಂದಲೇ ಜೀವಿಸುತ್ತದೆ. ವೈರಿಯ ಹಿಡಿತಕ್ಕೆ ಸಿಕ್ಕಿದಾಗ ಅದೇ ನಿಧಿಯನ್ನು ಬಿಟ್ಟುಕೊಟ್ಟು ಪ್ರಾಣ ಉಳಿಸಿಕೊಳ್ಳುತ್ತದೆ. ಬಾಲದ ಎಲುಬಿನ ಮಣಿಗಳಲ್ಲೇ ಸುಲಭವಾಗಿ ಒಡೆಯುವ ಸೀಳುಗೆರೆಗಳಿರುತ್ತವೆ. ಸ್ನಾಯುಗಳು ಬಿಗಿದು ಅಲ್ಲಿ ಮುರಿಯುತ್ತವೆ, ರಕ್ತನಾಳಗಳೂ ಮುಚ್ಚಿಕೊಳ್ಳುತ್ತವೆ. ಕೆಲವು ವಾರಗಳಲ್ಲಿ ಹೊಸ ಬಾಲ ಮೂಡುತ್ತದೆ. ಅದರೊಳಗೆ ಎಲುಬಿನ ಮಣಿಗಳಿಲ್ಲ, ಮೃದ್ವಸ್ಥಿಯ ಕೊಳವೆ ಮಾತ್ರ. ನೋಡಲು ಗಿಡ್ಡ, ನುಣುಪು, ಗೆಡ್ಡೆಯಂತೆ.

ಇದನ್ನು ಅರ್ಧ ತಿಳಿದವರಿಂದಲೇ ಹೆಚ್ಚು ಅನರ್ಥ. “ಹಲ್ಲಿಯ ಬಾಲ ತಾನೇ ಉದುರಿ ತಾನೇ ಬೆಳೆಯುತ್ತದೆ, ವೈದ್ಯರೇಕೆ?” ಎನ್ನುತ್ತಾರೆ. ಬಸದಿಯ ಬಾಗಿಲ ಸಂದಿನಲ್ಲಿ ಬಾಲ ಕಳೆದುಕೊಂಡ ಗೋಡೆಯ ಹಲ್ಲಿಯ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ಸರಿ. ಅದನ್ನು ಹಿಡಿಯಲು ಹೋಗದೆ ಬಿಡುವುದೇ ದಯೆ. ಆದರೆ ಸ್ವಚ್ಛವಾಗಿ ಕಳಚಿದ ಬಾಲ ಬೇರೆ, ಮೈಗೆ ಅಂಟಿಕೊಂಡೇ ಕೊಳೆಯುತ್ತಿರುವ ಬಾಲ ಬೇರೆ. ಕಳಚುವುದು ಜೀವವಿರುವ ಸ್ನಾಯುಗಳ ಕೆಲಸ. ಸತ್ತ ಸ್ನಾಯು ಬಿಗಿಯುವುದೂ ಇಲ್ಲ, ಕಳಚುವುದೂ ಇಲ್ಲ. ಕೊಳೆ ಮೇಲೇರುತ್ತದೆ, ಎಲುಬನ್ನು ಹಿಡಿಯುತ್ತದೆ, ಕಡೆಗೆ ರಕ್ತಕ್ಕೆ ಸೇರುತ್ತದೆ. ಇನ್ನೊಂದು ಮಾತು: ನ್ಯೂ ಕ್ಯಾಲೆಡೋನಿಯ ದ್ವೀಪದ ಕ್ರೆಸ್ಟೆಡ್ ಗೆಕ್ಕೊ ಎಂಬ ಜಾತಿಯನ್ನೂ ಹೊರದೇಶಗಳಲ್ಲಿ ಬಹಳವಾಗಿ ಸಾಕುತ್ತಾರೆ. ಅದರ ಬಾಲ ಒಮ್ಮೆ ಹೋದರೆ ಮತ್ತೆ ಬೆಳೆಯುವುದೇ ಇಲ್ಲ.

ಈ ವ್ಯಾಧಿಗೆ ಕಾರಣಗಳು ಬಹುಪಾಲು ಸಾಕುವವರ ಅಲಕ್ಷ್ಯದಿಂದ ಹುಟ್ಟುವಂಥವು. ಪೆಟ್ಟಿಗೆಯೊಳಗೆ ತೇವ ಸಾಲದಿದ್ದರೆ ಪೊರೆ ಪೂರ್ತಿ ಕಳಚದೆ ಬಾಲದ ತುದಿಗೆ ಉಂಗುರದಂತೆ ಬಿಗಿದುಕೊಳ್ಳುತ್ತದೆ. ರಕ್ತಸಂಚಾರ ನಿಂತು ತುದಿ ಸಾಯುತ್ತದೆ. ಇಬ್ಬರನ್ನು ಒಂದೇ ಪೆಟ್ಟಿಗೆಯಲ್ಲಿಟ್ಟರೆ ಕಚ್ಚಾಟ. ಆಹಾರಕ್ಕೆಂದು ಬಿಟ್ಟ ಹುಳುಗಳು ರಾತ್ರಿಯಿಡೀ ಉಳಿದರೆ ಅವೇ ಹಲ್ಲಿಯನ್ನು ಕಡಿಯುತ್ತವೆ. ಕಾಯುವ ಕೃತಕ ಕಲ್ಲಿನಿಂದ ಸುಟ್ಟ ಗಾಯವಾಗುತ್ತದೆ. ಹಲ್ಲಿಯ ಕೀವು ನಮ್ಮದರಂತೆ ಹರಿಯುವುದಿಲ್ಲ, ಗಿಣ್ಣಿನಂತೆ ಗಟ್ಟಿಯಾಗಿರುತ್ತದೆ ಎಂಬುದನ್ನು ಬಲ್ಲವರು ವಿರಳ. ಆದ್ದರಿಂದಲೇ ಮೇಲೆ ಮುಲಾಮು ಸವರಿದ ಮಾತ್ರಕ್ಕೆ ಒಳಗಿನ ಕೀವು ಹೋಗದು; ತೆರೆದು ತೆಗೆಯಬೇಕು. ತೆರೆಯುವುದೆಂದರೆ ಶಸ್ತ್ರ. ಶಸ್ತ್ರವೆಂದೊಡನೆ ನಮ್ಮ ಪಂಡಿತರಿಗೆ ಛೇದದ ನೆನಪು.

ಆ ನೆನಪನ್ನು ಈಗ ಪರಿಶೀಲಿಸೋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಿವಿ ಮೂಗು ಮೊದಲಾದ ಅವಯವಗಳನ್ನು ತೆಗೆಯುವುದು ಛೇದವೆಂದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ವಿವರಿಸಿದ್ದಾರೆ. ಇಷ್ಟನ್ನು ಓದಿದವರು ಅದೇ ಗ್ರಂಥದ ಹಿಂದಿನ ಅಧ್ಯಾಯವನ್ನೇಕೆ ಓದಲಿಲ್ಲ? ಆರನೆಯ ಅಧ್ಯಾಯದಲ್ಲಿ ಅಸಾತಾವೇದನೀಯದ ಆಸ್ರವವನ್ನು ವಿವರಿಸುವಾಗ, ಪರರಿಗೆ ದುಃಖವನ್ನುಂಟುಮಾಡುವುದೆಲ್ಲ ಪಾಪವೇ ಎಂಬ ಶಂಕೆಯನ್ನು ಆಚಾರ್ಯರೇ ಎತ್ತಿಕೊಂಡು ದೃಷ್ಟಾಂತವೊಂದನ್ನು ಕೊಡುತ್ತಾರೆ. ಪರಮ ಕರುಣಾಶಯನಾದ ವೈದ್ಯನು ಸಂಯಮಿಯೊಬ್ಬನ ಮೈಮೇಲಿನ ಕುರುವನ್ನು ಸೀಳುತ್ತಾನೆ. ನೋವಾಗುವುದು ನಿಜ. ಆದರೂ ಆ ಬಾಹ್ಯನಿಮಿತ್ತ ಮಾತ್ರದಿಂದ ವೈದ್ಯನಿಗೆ ಪಾಪಬಂಧವಿಲ್ಲವೆಂಬುದು ಅವರ ನಿರ್ಣಯ. ಛೇದವನ್ನು ಅತಿಚಾರವೆಂದು ವಿವರಿಸಿದ ಲೇಖನಿ ಮತ್ತು ಕುರು ಸೀಳಿದ ವೈದ್ಯನನ್ನು ನಿರ್ದೋಷಿ ಎಂದ ಲೇಖನಿ ಒಂದೇ. ಅದೂ ಕರ್ಣಾಟಕದ ನೆಲದಲ್ಲಿ ಬಾಳಿದ ಆಚಾರ್ಯರದು. ಅವರ ಮಾತಿನ ಅರ್ಧವನ್ನಷ್ಟೇ ತೆಗೆದುಕೊಂಡು ಮೂಕಪ್ರಾಣಿಯನ್ನು ಕೊಳೆಯಲು ಬಿಡುವುದು ಯಾವ ಸ್ವಾಧ್ಯಾಯ? ಪ್ರಮತ್ತಯೋಗವಿಲ್ಲದೆ ಹಿಂಸೆಯ ಲಕ್ಷಣವೇ ಪೂರ್ಣವಾಗದೆಂದು ಪಾಠಶಾಲೆಯ ಬಾಲಕರಿಗೂ ಕಲಿಸುತ್ತೇವೆ. ಅಂದಕ್ಕಾಗಿ ನಾಯಿಯ ಬಾಲ ಮೊಟಕುಗೊಳಿಸುವುದು ಛೇದ. ಪ್ರಾಣ ಉಳಿಸಲು ಸತ್ತ ಭಾಗವನ್ನು ಬೇರ್ಪಡಿಸುವುದು ಛೇದವಲ್ಲ.

ಇನ್ನು ಸೂಕ್ಷ್ಮಜೀವಿಗಳ ಮಾತು. ಕೊಳೆಯುವ ಮಾಂಸದಲ್ಲಿ ನಿಗೋದ ಜೀವಿಗಳ ಉತ್ಪತ್ತಿ ನಿರಂತರವೆಂದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಹೇಳಿದ್ದಾರೆ. ಮಾಂಸತ್ಯಾಗದ ಉಪದೇಶಕ್ಕೆ ನಾವು ದಿನವೂ ಬಳಸುವ ವಾದವಿದು. ಅದೇ ವಾದದ ಪ್ರಕಾರ ಕೊಳೆತ ಬಾಲವನ್ನು ಹಾಗೆಯೇ ಇಟ್ಟುಕೊಂಡ ಒಂದೊಂದು ದಿನವೂ ಅಲ್ಲಿ ಹುಟ್ಟಿ ಸಾಯುವ ಜೀವಗಳ ರಾಶಿ ಬೆಳೆಯುತ್ತದೆಯೇ ವಿನಾ ಕಡಿಮೆಯಾಗದು. ಅಲ್ಲದೆ ಹಲ್ಲಿ ಪಂಚೇಂದ್ರಿಯ ಜೀವಿ. ತಮ್ಮ ಮಧುಮೇಹದ ಕಾಲುಹುಣ್ಣಿಗೆ ಪ್ರತಿಜೈವಿಕ ಔಷಧವನ್ನು ಎರಡು ಹೊತ್ತು ನುಂಗುವ ಮಹನೀಯರು ಹಲ್ಲಿಯ ಪಾಲಿಗೆ ಮಾತ್ರ ನಿಗೋದವನ್ನು ನೆನೆಯುವುದು ನನಗೆ ವಿಚಿತ್ರವಾಗಿ ತೋರುತ್ತದೆ.

ಜೀವಂಧರನು ನಾಯಿಗೆ ಮಂತ್ರ ಕೇಳಿಸಿದ ಕಥೆಯನ್ನು ಇವರು ಮುಂದಿಡುತ್ತಾರೆ. ಆ ನಾಯಿ ಪ್ರಾಣ ಬಿಡುವ ಸ್ಥಿತಿಯಲ್ಲಿತ್ತು. ಮಂತ್ರವು ಚಿಕಿತ್ಸೆಯ ಬದಲಿಗೆ ಬಂದುದಲ್ಲ. ಒಬ್ಬರಂತೂ “ಅದು ಆಹಾರ ಬಿಟ್ಟಿದೆ, ಸಲ್ಲೇಖನವೆಂದು ಭಾವಿಸಿ” ಎಂದರಂತೆ. ಸಲ್ಲೇಖನವು ತಿಳಿದು, ಬಯಸಿ, ಕಷಾಯಗಳನ್ನು ಕೃಶಗೊಳಿಸುತ್ತ ಸ್ವೀಕರಿಸುವ ವ್ರತ. ಸೋಂಕಿನ ನೋವಿಗೆ ಉಣ್ಣಲಾರದ ಪ್ರಾಣಿಗೆ ಆ ಹೆಸರು ಕೊಡುವುದು ವ್ರತಕ್ಕೂ ಅಪಚಾರ, ಪ್ರಾಣಿಗೂ ಅಪಚಾರ.

ಹಾಗಾದರೆ ಮಾಡತಕ್ಕದ್ದೇನು? ಬಾಲದ ತುದಿ ಕಪ್ಪಾದುದನ್ನು, ಊತವನ್ನು, ದುರ್ವಾಸನೆಯನ್ನು ಕಂಡ ದಿನವೇ ಸರೀಸೃಪಗಳ ಚಿಕಿತ್ಸೆ ಬಲ್ಲ ಪಶುವೈದ್ಯರನ್ನು ಕಾಣಬೇಕು. ಹಸು ಎಮ್ಮೆಗಳ ವೈದ್ಯರೆಲ್ಲರಿಗೂ ಇದು ಪರಿಚಿತವಲ್ಲ, ಕೇಳಿಯೇ ಹೋಗಬೇಕು. ಹೋಗುವವರೆಗೆ ಪೆಟ್ಟಿಗೆಯ ಮರಳನ್ನು ತೆಗೆದು ಶುಭ್ರವಾದ ಒರೆಸುಕಾಗದ ಹಾಸಿ ದಿನವೂ ಬದಲಿಸತಕ್ಕದ್ದು. ಜೊತೆಯ ಹಲ್ಲಿಯಿದ್ದರೆ ಬೇರ್ಪಡಿಸತಕ್ಕದ್ದು. ಪೆಟ್ಟಿಗೆಯ ಬೆಚ್ಚನೆಯ ಬದಿ ಸುಮಾರು 31–32 ಡಿಗ್ರಿ ಸೆಲ್ಸಿಯಸ್ ಇರುವಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಹಲ್ಲಿಗೆ ತನ್ನದೇ ಮೈಬಿಸಿಯಿಲ್ಲ. ತಣ್ಣಗಿದ್ದರೆ ಅದರ ರೋಗನಿರೋಧಕ ಶಕ್ತಿಯೂ ಕುಗ್ಗುತ್ತದೆ, ಕೊಟ್ಟ ಔಷಧವೂ ಸರಿಯಾಗಿ ಕೆಲಸ ಮಾಡದು. ಗಾಯವನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿದ ಪೊವಿಡೋನ್ ಅಯೋಡಿನ್‌ನಿಂದ ಮೆಲ್ಲನೆ ತೊಳೆಯಬಹುದು. ಅಂಟಿದ ಪೊರೆಯನ್ನು ಉಗುರುಬೆಚ್ಚಗಿನ ನೀರಿನ ತೇವದಿಂದ ಮೆದುಮಾಡಬೇಕು, ಒಣಗಿದ್ದಾಗ ಎಳೆಯಬಾರದು. ಮುಟ್ಟಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯುವುದು ಕಡ್ಡಾಯ. ಸರೀಸೃಪಗಳು ಸಾಲ್ಮೊನೆಲ್ಲ ರೋಗಾಣುವನ್ನು ಹೊತ್ತಿರುವುದುಂಟು.

ನಮ್ಮ ಮನೆಗಳ ಉತ್ಸಾಹಕ್ಕೂ ಕಡಿವಾಣ ಬೇಕು. ಅರಿಶಿನವನ್ನು ಎಣ್ಣೆಯಲ್ಲಿ ಕಲಸಿ ಮೆತ್ತುವುದು, ಸ್ಪಿರಿಟ್ ಸುರಿಯುವುದು, ಹೈಡ್ರೋಜನ್ ಪೆರಾಕ್ಸೈಡನ್ನು ದಿನವೂ ಹಾಕುವುದು, ದಾರ ಕಟ್ಟಿ ಬಾಲ ಬೀಳಿಸಲು ನೋಡುವುದು, ಅಡುಗೆಮನೆಯ ಕತ್ತರಿ ಹಿಡಿಯುವುದು, ಇವೆಲ್ಲ ಕ್ರೌರ್ಯವೇ. ಮಂಜುಗಡ್ಡೆಯ ಮೇಲಿಟ್ಟರೆ ಹಲ್ಲಿ ಮರಗಟ್ಟಿ ಅಲುಗಾಡುವುದಿಲ್ಲ ನಿಜ, ಅದರಿಂದ ನೋವು ಹೋಗುವುದಿಲ್ಲ. ಮನುಷ್ಯರಿಗಾಗಿ ನೋವುನಿವಾರಕ ಬೆರೆಸಿದ ಮುಲಾಮುಗಳನ್ನೂ ಹಚ್ಚಬಾರದು. ವೈದ್ಯರು ಅರಿವಳಿಕೆ ಕೊಟ್ಟು, ಸತ್ತ ಭಾಗಕ್ಕಿಂತ ಮೇಲೆ, ಆರೋಗ್ಯವಿರುವ ಕಡೆ ಬಾಲವನ್ನು ತೆಗೆಯುತ್ತಾರೆ. ನೋವಿಗೂ ಸೋಂಕಿಗೂ ಔಷಧ ಕೊಡುತ್ತಾರೆ. ಬಾಲ ಮತ್ತೆ ಬೆಳೆಯುವ ಜಾತಿಗಳಲ್ಲಿ ಗಾಯಕ್ಕೆ ಹೊಲಿಗೆ ಹಾಕದೆ ತೆರೆದಿಡುವುದು ವಾಡಿಕೆ. ಹೊಲಿದರೆ ಬೆಳವಣಿಗೆಗೆ ಅಡ್ಡಿ. ಮೀಸಲು ನಿಧಿ ಹೋದ ಪ್ರಾಣಿಗೆ ಆ ಮೇಲೆ ಪುಷ್ಟಿಯಾದ ಆಹಾರ ಬೇಕು, ವಾರಕ್ಕೊಮ್ಮೆ ತೂಕ ನೋಡಬೇಕು. ನ್ಯೂಜೆರ್ಸಿಯ ಆ ಹಲ್ಲಿಯನ್ನು ಕಡೆಗೆ ಅಲ್ಲಿನ ಬಾಲಕನೇ ಹಠ ಹಿಡಿದು ವೈದ್ಯರಲ್ಲಿಗೆ ಒಯ್ಯುವಂತೆ ಮಾಡಿದ. ತುದಿಯಲ್ಲಿ ಹೋಗಬೇಕಾಗಿದ್ದುದು ಅಷ್ಟರಲ್ಲಿ ಬುಡದ ತನಕ ಬಂದಿತ್ತು. ಹಲ್ಲಿ ಬದುಕಿದೆ.

ವೈದ್ಯರ ಶುಲ್ಕವು ಹಲ್ಲಿಯ ಬೆಲೆಗಿಂತ ಹಲವು ಪಟ್ಟು ಎಂಬ ಆಕ್ಷೇಪವೂ ಬಂತು. ನಾನೂ ನಾಲ್ಕು ದಶಕ ಅಂಗಡಿಯ ಗಲ್ಲಾದ ಮುಂದೆ ಕುಳಿತವನು. ಕ್ರಯದ ಬೆಲೆ ಮತ್ತು ಹೊಣೆಗಳ ಭೇದ ನನಗೆ ತಿಳಿದಿದೆ. ಕೊಂಡ ದಿನ ಕೊಟ್ಟ ಹಣ ಸರಕಿನ ಬೆಲೆ. ಜೀವವನ್ನು ಮನೆಗೆ ತಂದ ಕ್ಷಣದಿಂದ ಅದರ ಆರೈಕೆ ನಮ್ಮ ಮೇಲಿನ ಸಾಲ. ಸಾಲದ ಮೊತ್ತ ಸರಕಿನ ಬೆಲೆಗಿಂತ ಹೆಚ್ಚಾಯಿತೆಂದು ತೀರಿಸದೆ ಬಿಡುವವನನ್ನು ಪೇಟೆಯಲ್ಲಿ ಏನೆನ್ನುತ್ತಾರೆಂದು ವಾಚಕರಿಗೆ ಹೇಳಬೇಕಾಗಿಲ್ಲ.

ಹಾಗೆಂದು ಶ್ರಾವಕರು ಹಲ್ಲಿ ಸಾಕಬಹುದೆಂದು ನಾನು ಸಾರುತ್ತಿಲ್ಲ. ಕೊಳ್ಳಲೇಬಾರದೆಂಬುದೇ ನನ್ನ ಅಭಿಪ್ರಾಯ. ನಮ್ಮ ದೇಶದಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಿರ್ಬಂಧಗಳಿವೆ. ಕಾಯ್ದೆ ಅಡ್ಡಬಾರದ ದೇಶದಲ್ಲೂ ವಿನೋದಕ್ಕಾಗಿ ಗಾಜಿನ ಪೆಟ್ಟಿಗೆಯಲ್ಲಿಡುವುದು ಬಂಧವೆಂಬ ಮೊದಲನೆಯ ಅತಿಚಾರಕ್ಕೆ ಸಮೀಪ. ಲೆಪರ್ಡ್ ಗೆಕ್ಕೊ ಕೀಟಾಹಾರಿ; ಸೊಪ್ಪು, ಕ್ಯಾರೆಟ್ಟು ಕೊಟ್ಟು ಅದನ್ನು ಸಸ್ಯಾಹಾರಿಯಾಗಿಸಲು ಹೊರಡುವವರು ಅನ್ನಪಾನನಿರೋಧವೆಂಬ ಐದನೆಯದಕ್ಕೆ ಸಿಕ್ಕುತ್ತಾರೆ. ಹುಳುಗಳನ್ನು ಕೊಟ್ಟರೆ ಅವುಗಳ ಘಾತ. ಈ ಇಕ್ಕಟ್ಟಿನಿಂದ ಪಾರಾಗುವ ದಾರಿ ಅಂಗಡಿಯ ಬಾಗಿಲಲ್ಲೇ ಇದೆ, ಮನೆಯ ಬಾಗಿಲಲ್ಲಿಲ್ಲ. ಬಾಲಕರ ಆಸೆಗೆ ತಂದಾಗಿದ್ದರೆ ಮೊದಲು ಚಿಕಿತ್ಸೆ, ಗುಣವಾದ ನಂತರ ಬಲ್ಲವರ ಕೈಗೆ ಒಪ್ಪಿಸುವ ಯೋಚನೆ. ತೋಟದಲ್ಲಿ ಬಿಟ್ಟುಬಂದು ಅಭಯದಾನ ಮಾಡಿದೆವೆನ್ನುವುದು ಬೇಡ. ಮರುಭೂಮಿಯ ಅಂಚಿನ ಪ್ರಾಣಿಯನ್ನು ಹಿಮ ಬೀಳುವ ನಾಡಿನಲ್ಲಿ ಬಿಡುವುದು ಕೊಲ್ಲುವುದಕ್ಕೆ ಸಮ.

ಕೊನೆಯದಾಗಿ ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ಒಂದು ವಿಜ್ಞಾಪನೆ. ಹನ್ನೆರಡನೆಯ ಶತಮಾನದಲ್ಲೇ ಚಾಳುಕ್ಯ ವಂಶದ ಜೈನ ಕವಿ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ರಚಿಸಿದನು. ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರದ ಆವರಣದಲ್ಲಿ ನಮ್ಮವರು ನಡೆಸುತ್ತಿರುವ ಪಕ್ಷಿಗಳ ಆಸ್ಪತ್ರೆಯಲ್ಲಿ, ಮಾಂಸಾಹಾರಿ ಪಕ್ಷಿಗಳನ್ನು ಒಳಗೆ ಇರಿಸಿಕೊಳ್ಳದಿದ್ದರೂ ಗಾಯಕ್ಕೆ ಚಿಕಿತ್ಸೆ ಮಾಡಿ ಕಳುಹಿಸುವ ಪದ್ಧತಿ ಬೆಳೆದುಬಂದಿದೆ. ಆಹಾರದ ಇಕ್ಕಟ್ಟನ್ನು ಚಿಕಿತ್ಸೆಯ ನಿರಾಕರಣೆಗೆ ನೆಪವಾಗಿಸದ ವಿವೇಕ ಅಲ್ಲಿದೆ. ನಮ್ಮ ಬಹುತೇಕ ಜೀವದಯಾ ನಿಧಿಗಳ ನಿಯಮಾವಳಿಯಲ್ಲಿ ಗೋವು, ಪಾರಿವಾಳಗಳ ಹೆಸರು ಮಾತ್ರ ಇದೆ. ಮುಂಬರುವ ದಶಲಕ್ಷಣ ಪರ್ವದ ಸಭೆಯಲ್ಲಿ ಆ ಸಾಲಿಗೆ “ಗಾಯಗೊಂಡ ಯಾವುದೇ ಪ್ರಾಣಿ” ಎಂಬ ಮೂರು ಪದಗಳನ್ನು ಸೇರಿಸಬೇಕೆಂಬ ಠರಾವನ್ನು ನಮ್ಮೂರಿನ ಟ್ರಸ್ಟಿನಲ್ಲಿ ನಾನು ಮಂಡಿಸಲಿದ್ದೇನೆ. ಛೇದದ ಅತಿಚಾರವನ್ನು ಮುಂದಿಟ್ಟು ಅದನ್ನು ವಿರೋಧಿಸುವವರು ಸರ್ವಾರ್ಥಸಿದ್ಧಿಯ ಆರನೆಯ ಅಧ್ಯಾಯವನ್ನೂ ಓದಿಕೊಂಡು ಸಭೆಗೆ ಬರಬೇಕಾಗಿ ಕೋರುತ್ತೇನೆ.