ಕಲಾವಿದನ ಹಠವಲ್ಲ, ಪ್ರಜೆಯ ಹಕ್ಕು



ಮುಂಬಯಿಯ ಸಾಕ್ಷ್ಯಚಿತ್ರಕಾರ ಆನಂದ ಪಟವರ್ಧನರು ಚಿತ್ರನಿರ್ಮಾಣಕ್ಕಿಂತ ನ್ಯಾಯಾಲಯದ ವ್ಯಾಜ್ಯಗಳಲ್ಲಿಯೇ ಹೆಚ್ಚು ಆಸಕ್ತರೆಂದೂ, ಕಲಾವಿದನಾದವನು ರಾಜಕಾರಣದಿಂದ ದೂರವಿರುವುದೇ ಲೇಸೆಂದೂ ಈ ಪತ್ರಿಕೆಯಲ್ಲಿ ಪ್ರಕಟವಾದ ಅಭಿಪ್ರಾಯವು ಪರಿಣಾಮವನ್ನು ಕಾರಣವೆಂದು ಭ್ರಮಿಸಿದೆ.

ಅವರು ವ್ಯಾಜ್ಯವನ್ನು ಅರಸಿ ಹೋದವರಲ್ಲ. ತುರ್ತುಪರಿಸ್ಥಿತಿಯ ರಾಜಕೀಯ ಬಂದಿಗಳನ್ನು ಕುರಿತು 1978ರಲ್ಲಿ ಚಿತ್ರ ರಚಿಸಿದ ಈ ಮನುಷ್ಯನ 'ರಾಮ್ ಕೆ ನಾಮ್' ಕೃತಿಗೆ ರಾಷ್ಟ್ರಪ್ರಶಸ್ತಿಯನ್ನಿತ್ತು ಗೌರವಿಸಿದ ಸರಕಾರದ ದೂರದರ್ಶನವೇ ಅದನ್ನು ಬಿತ್ತರಿಸಲು ನಿರಾಕರಿಸಿದಾಗ, ಮುಂಬಯಿ ಉಚ್ಚ ನ್ಯಾಯಾಲಯವಲ್ಲದೆ ಬೇರಾವ ಆಶ್ರಯವಿದ್ದಿತು? 'ಜಂಗ್ ಔರ್ ಅಮನ್' ಚಿತ್ರಕ್ಕೆ ಸೆನ್ಸಾರ್ ಮಂಡಳಿಯು ಕತ್ತರಿ ಹಿಡಿದಾಗ, 2003ರಲ್ಲಿ ಅದೇ ನ್ಯಾಯಾಲಯವು ಒಂದು ಕಡಿತವೂ ಇಲ್ಲದೆ ಅದಕ್ಕೆ ಅನುಮತಿ ದೊರಕಿಸಿತು. 1995ರ ಇನ್ನೊಂದು ಚಿತ್ರದ ಪ್ರಸಾರಕ್ಕಾಗಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ದೂರದರ್ಶನಕ್ಕೆ ಆದೇಶವೀಯಬೇಕಾಯಿತು.

ಅವರ ದೃಷ್ಟಿ ಏಕಪಕ್ಷೀಯವೆಂಬ ಆಕ್ಷೇಪಕ್ಕೆ ನನ್ನ ಉತ್ತರವಿಷ್ಟೆ: ಪಕ್ಷಪಾತವು ಅಪರಾಧವಲ್ಲ, ಅದಕ್ಕೆ ಪ್ರತಿಚಿತ್ರವೇ ಪ್ರತ್ಯುತ್ತರ. 1997ರ ಜುಲೈ 11ರಂದು ಮುಂಬಯಿಯ ಘಾಟ್ಕೋಪರದ ರಮಾಬಾಯಿ ನಗರದಲ್ಲಿ ಪೋಲೀಸರ ಗುಂಡಿಗೆ ಹತ್ತು ಮಂದಿ ಬಲಿಯಾದ ಬಳಿಕ, ಹದಿನಾಲ್ಕು ವರ್ಷ ಆ ನೊಂದವರ ಜೊತೆಗಿದ್ದು 'ಜೈ ಭೀಮ್ ಕಾಮ್ರೇಡ್' ರಚಿಸಿದವನಿಗೆ ತಾಟಸ್ಥ್ಯವನ್ನು ಬೋಧಿಸುವುದು ನ್ಯಾಯವಲ್ಲ.

ಸಂವಿಧಾನದ 19ನೆಯ ವಿಧಿಯ ವಾಕ್‌ಸ್ವಾತಂತ್ರ್ಯವು ನುಡಿವವನದಷ್ಟೇ ಅಲ್ಲ, ಕೇಳುವವನದೂ ಹೌದು. ಸಂಶೋಧಕ ಎಂ. ಎಂ. ಕಲಬುರ್ಗಿ ಮತ್ತು ಪತ್ರಕರ್ತೆ ಗೌರಿ ಲಂಕೇಶರನ್ನು ಹಂತಕರ ಗುಂಡಿಗೆ ಕಳೆದುಕೊಂಡ ಕನ್ನಡಿಗರು ಇದನ್ನು ಮರೆಯಲಾಗದು. ಓದುಗರು ಆ ಚಿತ್ರಗಳನ್ನು ಸ್ವತಃ ನೋಡಿ, ಬಳಿಕವೇ ತೀರ್ಪು ಕೊಡಲೆಂದು ನನ್ನ ವಿನಂತಿ.